ಕ್ಯಾನ್ವಾಸ್ ಹಾಕಿ ಹೊಲಿಸಿದ ವೇಸ್ಟ್‌ಕೋಟ್: ಶಿವಾಜಿನಗರದ ಒಬ್ರು ಟೈಲರ್ ಮಾಸ್ಟ್ರ ಕೆಲಸದ ರಿವ್ಯೂ

ಅಂಗಡಿ ಹೆಸ್ರು ಕೇಳ್ಬೇಡಿ, ಹಾಕಲ್ಲ. ಮಾಸ್ಟ್ರೇ ಬೇಡ ಅಂದಿದ್ದಾರೆ, "ಇರೋ ಆರ್ಡರೇ ಟೈಮ್‌ಗೆ ಕೊಡಕ್ಕಾಗ್ತಿಲ್ಲ ಸಾರ್, ನೀವು ಇಂಟರ್‌ನೆಟ್ಟಲ್ಲಿ ಬರ್ದು ಜನ ಬಂದ್ರೆ ನಾನು ಶಟರ್ ಎಳ್ಕೊಂಡು ಓಡೋಗ್ಬೇಕು" ಅಂತ. ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟ್ ಹಿಂದ್ಗಡೆ ಗಲ್ಲಿಯಲ್ಲಿ, ಮೆಟ್ಲು ಹತ್ಕೊಂಡು ಹೋಗೋ ಅಂಗಡಿ, ಅಷ್ಟು ಸಾಕು. ನಿಮ್ಮೂರಲ್ಲಿ ಯಾರತ್ರ ವೇಸ್ಟ್‌ಕೋಟ್ ಹೊಲಿಸಿದ್ರೂ ಏನು ನೋಡ್ಬೇಕು, ಏನು ಕೇಳ್ಬೇಕು ಅಂತ ತಿಳ್ಕೊಳಕ್ಕೆ ಇದನ್ನ ಓದಿ, ಅಡ್ರೆಸ್‌ಗೋಸ್ಕರ ಅಲ್ಲ.

ನಾನು ಹೇಳ್ತಿರೋದು ನೆಹರೂ ಜಾಕೆಟ್ ಅಲ್ಲ ಮತ್ತೆ. ಅದನ್ನೇ ಈಗ ಎಲ್ರೂ ವೇಸ್ಟ್‌ಕೋಟ್ ಅಂತಾರೆ, ಮದ್ವೆ ಮನೇಲಿ ಕುರ್ತಾ ಮೇಲೆ ಹಾಕ್ಕೊಳೋದು, ಕತ್ತಿಗೆ ಪಟ್ಟಿ ಕಾಲರ್, ಸುತ್ತಲೂ ಒಂದೇ ಬಟ್ಟೆ. ಅದರ ಕಟ್ಟಿಂಗೇ ಬೇರೆ. ನಾನು ಮಾಡ್ಸಿದ್ದು ಇಂಗ್ಲಿಷ್ ಸೂಟಿನ ಮೂರನೇ ಪೀಸ್ ಇರತ್ತಲ್ಲ, ಎದೆ ಹತ್ರ ವಿ ಶೇಪಲ್ಲಿ ಓಪನ್, ಕೆಳಗೆ ಚೂಪಾದ ಎರಡು ಮೂತಿ, ಹಿಂದ್ಗಡೆ ಲೈನಿಂಗ್ ಬಟ್ಟೆ ಬೆನ್ನು, ಅದಕ್ಕೊಂದು ಪಟ್ಟಿ ಬಕಲ್, ಅದು. ಕೋಟ್ ಜೊತೇಲೂ ಹಾಕ್ಬೋದು ಒಂದೇ ಹಾಕ್ಬೋದು, ಬೆಂಗಳೂರ್ ವೆದರ್‌ಗೆ ಒಂದೇ ಹಾಕೋದೇ ಆರಾಮ.

ರೆಡಿಮೇಡ್ ತಗೊಂಡ್ರೆ ಆಗಲ್ವಾ ಅಂತ ಕೇಳ್ತೀರ. ಆಗತ್ತೆ, ರಿಸೆಪ್ಷನ್‌ಗೆ ಒಂದ್ಸಲ ಹಾಕಿ ಫೋಟೋ ತೆಗ್ಸಿ ಬೀರುಗೆ ಸೇರಿಸೋದಾದ್ರೆ ರೆಡಿಮೇಡ್ ಧಾರಾಳ ಸಾಕು, ಇಷ್ಟು ತಲೆನೋವು ಬೇಡ್ವೇ ಬೇಡ. ಆದ್ರೆ ತಿಂಗಳಲ್ಲಿ ನಾಕ್ ಸಲ ಹಾಕೋ ನನ್ನಂಥವ್ರಿಗೆ ಅದು ಒಗ್ಗಲ್ಲ, ಯಾಕಂದ್ರೆ ವೇಸ್ಟ್‌ಕೋಟಲ್ಲಿ ತಪ್ಪು ಮುಚ್ಚಿಡಕ್ಕೆ ಜಾಗಾನೇ ಇಲ್ಲ. ಕೋಟಾದ್ರೆ ಭುಜಕ್ಕೆ ಪ್ಯಾಡ್ ಇಟ್ಟು ಎದೆಗೆ ದಪ್ಪ ಕೊಟ್ಟು ಹೇಗೋ ಮ್ಯಾನೇಜ್ ಮಾಡ್ತಾರೆ. ಇದಕ್ಕೆ ತೋಳಿಲ್ಲ, ಪ್ಯಾಡಿಲ್ಲ, ಮೈಗೆ ಅಂಟ್ಕೊಂಡೇ ಕೂರ್ಬೇಕು, ಕತ್ತು ಬಿಟ್ಕೊಂಡ್ರೂ ಕಾಣತ್ತೆ, ಕಂಕುಳಲ್ಲಿ ಗಾಳಿ ಆಡಿದ್ರೂ ಕಾಣತ್ತೆ, ಕೆಳಗೆ ಮೂತಿ ಎರಡೂ ಹೊರಗೆ ಸುರುಳಿ ಸುತ್ಕೊಂಡ್ರಂತೂ ಹತ್ತಡಿ ದೂರದಿಂದ ಕಾಣತ್ತೆ.

ಅಳತೆ ತಗೊಳೋ ವಿಷ್ಯದಿಂದ್ಲೇ ಮಾಸ್ಟ್ರು ಇಷ್ಟ ಆದ್ರು. ಎದೆ ಸೊಂಟ ಎಲ್ರೂ ತಗೋತಾರೆ. ಇವ್ರು ಕತ್ತಿನ ಹಿಂದ್ಗಡೆ ಮೂಳೆಯಿಂದ ಟೇಪ್ ಇಟ್ಟು ಭುಜದ ಮೇಲಿಂದ ಮುಂದಕ್ಕೆ ತಂದು, ಮೊದಲ್ನೇ ಗುಂಡಿ ಎಲ್ಲಿ ಬರ್ಬೇಕು ಅಲ್ಲಿಗೆ ಒಂದಳತೆ, ಹಾಗೇ ಕೆಳಗೆ ಇಳಿಸಿ ಮೂತಿವರ್ಗೂ ಇನ್ನೊಂದಳತೆ ತಗೊಂಡ್ರು. ವೇಸ್ಟ್‌ಕೋಟ್‌ಗೆ ಈ ಎರಡೇ ಪ್ರಾಣ. ಇದನ್ನ ಅಳೀದೆ ಬರೀ ಶರ್ಟಿನ ಉದ್ದ ನೋಡಿ ಬರ್ಕೊಳೋ ಟೈಲರ್ ಇದ್ರೆ ಅಲ್ಲಿಂದ್ಲೇ ಥ್ಯಾಂಕ್ಸ್ ಹೇಳಿ ಎದ್ಬನ್ನಿ.

ಆಮೇಲೆ ನನ್ನ ಪ್ಯಾಂಟ್ ನೋಡಿ ಮುಖ ಕಿವುಚಿದ್ರು. "ಸಾರ್ ಈ ಪ್ಯಾಂಟ್ ಮೇಲೆ ವೇಸ್ಟ್‌ಕೋಟ್ ಹಾಕ್ತೀರಾ?" ಅಂದ್ರು. ಲೋ ವೇಸ್ಟ್ ಪ್ಯಾಂಟು, ಈಗ ಅಂಗಡೀಲಿ ಸಿಗೋದೇ ಅವು. ಇದೊಂದು ವಿಷ್ಯ ಯಾರೂ ಹೇಳಲ್ಲ ನೋಡಿ: ವೇಸ್ಟ್‌ಕೋಟ್ ಮೂಲತಃ ಹೊಕ್ಕುಳ ಹತ್ರ ನಿಲ್ಲೋ ಪ್ಯಾಂಟ್‌ಗೆ, ಅದೂ ಭುಜದಿಂದ ಬ್ರೇಸಸ್ ಹಾಕಿ ತೂಗೋ ಪ್ಯಾಂಟ್‌ಗೆ ಲೆಕ್ಕ ಹಾಕಿ ಕಟ್ ಮಾಡೋದು. ಅದರ ಕೆಳಗಿನ ಅಂಚು ಪ್ಯಾಂಟಿನ ಬೆಲ್ಟ್ ಪಟ್ಟಿನ ಮುಚ್ಬೇಕು. ಪ್ಯಾಂಟ್ ಸೊಂಟದಿಂದ ಕೆಳಗೆ ಜಾರ್ಕೊಂಡಿದ್ರೆ ಮಧ್ಯ ಶರ್ಟ್ ಇಣುಕತ್ತೆ, ಮೂತಿಗಳ ಮಧ್ಯ ಬೆಲ್ಟ್ ಬಕಲ್ ಬೇರೆ. ನಾನು ಹಂಗಾದ್ರೆ ವೇಸ್ಟ್‌ಕೋಟ್ನೇ ಎರಡಿಂಚು ಉದ್ದ ಮಾಡಿ ಅಂದೆ. ಬಿಲ್ಕುಲ್ ಒಪ್ಲಿಲ್ಲ. ಉದ್ದ ಮಾಡಿದ್ರೆ ಸೊಂಟದ ಶೇಪ್ ಕೆಳಗೆ ಹೋಗತ್ತೆ, ಕೂತಾಗ ತೊಡೆಗೆ ತಾಗಿ ಪೂರ್ತಿ ಮೇಲೆದ್ದು ಗದ್ದಕ್ಕೆ ಬರತ್ತೆ, ನೋಡೋಕೆ ಅಪ್ಪನ ವೇಸ್ಟ್‌ಕೋಟ್ ಮಗ ಹಾಕಿದಂಗಿರತ್ತೆ ಅಂದ್ರು. ಕೊನೆಗೆ ಒಂದು ಹೈ ವೇಸ್ಟ್ ಪ್ಯಾಂಟೂ ಅಲ್ಲೇ ಹೊಲಿಸ್ದೆ. ಖರ್ಚು ಜಾಸ್ತಿ ಆಯ್ತು, ಹೌದು, ಆದ್ರೆ ಅವ್ರ್ ಹೇಳಿದ್ದೇ ಸರಿ.

ಬಟ್ಟೆ ನಾನೇ ತಗೊಂಡೋಗಿದ್ದೆ. ಮೊದ್ಲು ತೋರ್ಸಿದ್ದು ಸೂಪರ್ 120 ಅಂತ ಸೀಲ್ ಇರೋ ತೆಳ್ಳನೆ ಉಲನ್. ಅದನ್ನ ಬೆರಳಲ್ಲಿ ಉಜ್ಜಿ ನೋಡಿ ಪಕ್ಕಕ್ಕಿಟ್ರು. ಆ ನಂಬರ್ ಇರೋದು ಉಣ್ಣೆ ಎಳೆ ಎಷ್ಟು ಸಣ್ಣ ಅಂತ ಹೇಳಕ್ಕೆ, ನಂಬರ್ ಜಾಸ್ತಿ ಆದಷ್ಟೂ ಎಳೆ ಸಣ್ಣ, ಮುಟ್ಟಕ್ಕೆ ನುಣುಪು. ಬಾಳಿಕೆಗೂ ಅದಕ್ಕೂ ಸಂಬಂಧ ಇಲ್ಲ, ಎಷ್ಟೋ ಸಲ ಉಲ್ಟಾನೇ. ವೇಸ್ಟ್‌ಕೋಟ್‌ಗೆ ಬಟ್ಟೆ ಸ್ವಲ್ಪ ಮೈಯಿರೋದೇ ಬೇಕು, ಮೀಟರ್‌ಗೆ 280ರಿಂದ 320 ಗ್ರಾಂ ಆಸುಪಾಸು ಇದ್ರೆ ಇಸ್ತ್ರಿಗೆ ಬಗ್ಗತ್ತೆ, ಹೊಟ್ಟೆ ಹತ್ರ ಸುಕ್ಕು ನಿಲ್ಲಲ್ಲ. ಕೊನೆಗೆ ಕಂದು ಬೂದಿ ಮಿಕ್ಸ್ ಬಣ್ಣದ ಸಣ್ಣ ಚೆಕ್ಸ್ ಇರೋದೊಂದು ಉಲನ್ ಒಪ್ಕೊಂಡ್ರು. ಡಬಲ್ ಪನ್ನ, ಅಂದ್ರೆ ಅಗಲ ಜಾಸ್ತಿ ಇರೋ ಬಟ್ಟೆ, ಒಂದ್ ಮೀಟರ್ ಒಳಗೇ ಆಗೋಗತ್ತೆ, ಬೆನ್ನಿಗೆ ಉಲನ್ ಬೇಡ್ವಲ್ಲ. ಅಂಗಡಿಯವ್ರು ಎರಡು ಮೀಟರ್ ತಗೊಳ್ಳಿ ಅಂತ ಬಲವಂತ ಮಾಡಿದ್ರೆ ಕೇಳ್ಬೇಡಿ.

ಮಾಸ್ಟ್ರ ಅಪ್ಪನ ಕಾಲಕ್ಕೆ ಇದೇ ಅಂಗಡಿಗೆ ಬಿನ್ನಿ ಮಿಲ್ ಉಲನ್ ಬರ್ತಿತ್ತಂತೆ. 1884ರಲ್ಲಿ ಬೆಂಗಳೂರಲ್ಲಿ ಶುರುವಾದ ಉಲನ್ ಕಾಟನ್ ಸಿಲ್ಕ್ ಮಿಲ್, ಎರಡು ವರ್ಷಕ್ಕೇ ಬಿನ್ನಿಯವ್ರ ಕೈಗೆ ಹೋಯ್ತು, ಮಿಲಿಟರಿಯವ್ರಿಗೆ ಬಟ್ಟೆ ಸಪ್ಲೈ ಮಾಡ್ತಿದ್ರು. ಈ ಏರಿಯಾದಲ್ಲಿ ಕೋಟು ವೇಸ್ಟ್‌ಕೋಟು ಹೊಲಿಯೋ ಕೈಗಳು ಯಾಕಿಷ್ಟು ಇವೆ ಅನ್ನೋದಕ್ಕೂ ಉತ್ತರ ಅದೇ, 1809ರಲ್ಲಿ ಬ್ರಿಟಿಷ್ರು ಇಲ್ಲಿ ಕಂಟೋನ್ಮೆಂಟ್ ಹಾಕಿದ್ರು, ಆಫೀಸರ್‌ಗಳಿಗೆ ಯೂನಿಫಾರ್ಮು ಸೂಟು ಬೇಕಿತ್ತು, ಬ್ಲ್ಯಾಕ್‌ಪಲ್ಲಿ ಅಂತಿದ್ದ ಈ ಪೇಟೇಲಿ ಟೈಲರ್‌ಗಳು ಬಂದು ಕೂತ್ರು. ಪೀಸ್‌ಗೆ ಇಷ್ಟು ಅಂತ ಅಂಗಿ ಹೊಲಿಯೋ ಕೆಲಸ ಎಲ್ಲಾ ಕಡೆ ಸಿಗತ್ತೆ, ಕ್ಯಾನ್ವಾಸ್, ಅಂದ್ರೆ ಶೇಪ್ ನಿಲ್ಲಕ್ಕೆ ಒಳಗಡೆ ಇಡೋ ಪದರ, ಅದರ ಕೆಲಸ ಗೊತ್ತಿರೋ ಕೈ ಮಾತ್ರ ಇನ್ನೂ ಇಲ್ಲೇ ಹುಡುಕ್ಬೇಕು.

ಈಗ ಅಸಲಿ ವಿಷ್ಯ, ಒಳಗಡೆ.

ಸಾಧಾರಣ ಟೈಲರ್ ಶಾಪಲ್ಲಿ, ರೆಡಿಮೇಡಲ್ಲೂ ಕೂಡ, ಮುಂಭಾಗದ ಬಟ್ಟೆಗೆ ಒಳಗಿಂದ ಪೇಸ್ಟಿಂಗ್ ಮಾಡ್ತಾರೆ. ಅಂದ್ರೆ ಅಂಟು ಚುಕ್ಕೆ ಇರೋ ಫ್ಯೂಸಿಂಗ್ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತೋದು, ಐದ್ ನಿಮಿಷದ ಕೆಲಸ. ಹೊಸದ್ರಲ್ಲಿ ನೀಟಾಗೇ ಇರತ್ತೆ, ರಟ್ಟಿನ ಥರ ಫ್ಲ್ಯಾಟ್. ಒಳ್ಳೆ ಫ್ಯೂಸಿಂಗ್, ಒಳ್ಳೆ ಪ್ರೆಸ್ ಮಷೀನ್ ಇದ್ರೆ ವರ್ಷಗಟ್ಲೆ ಬರೋದೂ ಇದೆ, ಸುಮ್ನೆ ಬೈಯ್ಬಾರ್ದು. ಆದ್ರೆ ಕೈ ಇಸ್ತ್ರೀಲಿ ಒತ್ತಿದ ಅಗ್ಗದ ಪೇಸ್ಟಿಂಗು ಡ್ರೈಕ್ಲೀನ್‌ಗೆ ಹೋಗಿ ಬಂತು ಅಂದ್ರೆ ಅಲ್ಲಲ್ಲಿ ಅಂಟು ಬಿಟ್ಟು ಎದೆ ಮೇಲೆ ಗುಳ್ಳೆ ಏಳತ್ತೆ, ಆ ಗುಳ್ಳೆಗೆ ಔಷಧಿ ಇಲ್ಲ.

ಇವ್ರು ಹಾಕೋದು ಕ್ಯಾನ್ವಾಸ್, ಅಂಟೇ ಇಲ್ಲ. ಕೋಟಿಗೆ ಹಾಕೋ ಕುದ್ರೆ ಕೂದಲಿನ ಗಡಸು ಕ್ಯಾನ್ವಾಸ್ ಅಲ್ಲ, ವೇಸ್ಟ್‌ಕೋಟ್‌ಗೆ ಅಷ್ಟು ಬೇಡ್ವಂತೆ, ಲಿನನ್ ಥರದ ಹಗುರ ಕ್ಯಾನ್ವಾಸು. ಅದನ್ನ ಮೊದ್ಲು ನೀರಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಮಾಡ್ತಾರೆ, ಆಮೇಲೆ ಕುಗ್ಗಿ ಮೇಲಿನ ಬಟ್ಟೆನ ಎಳೀಬಾರ್ದಲ್ಲ ಅದಕ್ಕೆ. ಮೇಲಿನ ಉಲನ್‌ಗೆ ಡಾರ್ಟ್ (ಮೈ ಶೇಪ್‌ಗೆ ಹಿಡಿಯೋ ಮಡಿಕೆ ಹೊಲಿಗೆ) ಎಲ್ಲಿದ್ಯೋ ಕ್ಯಾನ್ವಾಸ್‌ಗೂ ಅಲ್ಲೇ ಡಾರ್ಟು, ಆದ್ರೆ ಅಲ್ಲಿ ಮಡ್ಚಿ ಹೊಲಿಯಲ್ಲ, ಕತ್ತರಿಸಿ ಅಂಚಿಗೆ ಅಂಚು ಸೇರಿಸಿ ಹೊಲೀತಾರೆ, ದಪ್ಪ ಬರಬಾರ್ದು ಅಂತ. ಆಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ಉದ್ದುದ್ದ ಕಚ್ಚಾ ಹೊಲಿಗೆ ಹಾಕ್ತಾರೆ, ಬಿಳಿ ದಾರದಲ್ಲಿ, ನಾನು ಟ್ರಯಲ್‌ಗೆ ಹೋದಾಗ ಹಾಕ್ಕೊಂಡಿದ್ದು ಆ ಅವತಾರದಲ್ಲೇ. ಬಟ್ಟೆ ಕ್ಯಾನ್ವಾಸ್ ಮೇಲೆ ಸುಮ್ನೆ ಕೂತಿರತ್ತೆ, ಅಂಟ್ಕೊಂಡಿರಲ್ಲ, ಹಂಗಾಗಿ ನೀವು ಬಗ್ಗಿದ್ರೆ ಎದ್ರೆ ಎರಡೂ ಬೇರೆ ಬೇರೆ ಆಡತ್ತೆ, ಸ್ವಲ್ಪ ದಿನ ಹಾಕಿದ್ಮೇಲೆ ನಿಮ್ಮ ಎದೆ ಶೇಪ್‌ಗೆ ಬಂದು ನಿಲ್ಲತ್ತೆ.

ಮನೇಲಿರೋ ವೇಸ್ಟ್‌ಕೋಟ್ ಯಾವ್ದು ಅಂತ ಚೆಕ್ ಮಾಡ್ಬೇಕಾ? ಕೆಳಗಿನ ಗುಂಡಿ ಹತ್ರ ಹೊರಗಿನ ಬಟ್ಟೆನೂ ಒಳಗಿನ ಬಟ್ಟೆನೂ ಎರಡು ಬೆರಳಲ್ಲಿ ಹಿಡಿದು ಬೇರೆ ಮಾಡಿ ನೋಡಿ. ಮಧ್ಯ ಮೂರನೇದೊಂದು ಪದರ ಜಾರಾಡೋದು ಕೈಗೆ ಸಿಕ್ರೆ ಕ್ಯಾನ್ವಾಸ್. ಸಿಗ್ದೇ ಹೊರಗಿನ ಬಟ್ಟೆನೇ ದಪ್ಪಗಿದೆ ಅನ್ನಿಸಿದ್ರೆ ಪೇಸ್ಟಿಂಗ್.

ಇನ್ನೊಂದು ನನಗೆ ಮುಂಚೆ ಗೊತ್ತೇ ಇರ್ಲಿಲ್ಲ, ಟೇಪು. ವಿ ಶೇಪ್ ಕತ್ತು ಇದ್ಯಲ್ಲ, ಅಲ್ಲಿ ಬಟ್ಟೆ ಓರೆಯಾಗಿ ಕಟ್ ಆಗಿರತ್ತೆ. ಓರೆ ಕಟ್ ಅಂದ್ರೆ ಹಿಗ್ಗತ್ತೆ ಅಂತ ಮನೇಲಿ ಬ್ಲೌಸ್ ಹೊಲಿಯೋರಿಗೆಲ್ಲ ಗೊತ್ತು. ನಾಕ್ ಸಲ ಹಾಕಿ ಬಿಚ್ಚೋದ್ರೊಳಗೆ ಅದು ಹಿಗ್ಗಿ ಎದೆಯಿಂದ ದೂರ ನಿಂತ್ಕೊಳತ್ತೆ, ಬಗ್ಗಿದಾಗ ಟೈ ಪೂರ್ತಿ ಹೊರಗೆ ಜೋತಾಡತ್ತೆ. ಅದಕ್ಕೇ ಆ ಅಂಚಿನುದ್ದಕ್ಕೂ, ಹಾಗೇ ಗುಂಡಿ ಸಾಲಿನ ಅಂಚಿಗೂ ಮೂತಿವರ್ಗೂ, ಸಣ್ಣ ಲಿನನ್ ಟೇಪ್ ಇಟ್ಟು ಕೈಹೊಲಿಗೇಲಿ ಕ್ಯಾನ್ವಾಸ್‌ಗೆ ಹಿಡಿಸ್ತಾರೆ. ಟೇಪ್ ಬಟ್ಟೆಗಿಂತ ಒಂಚೂರು ಗಿಡ್ಡ, ಅಂದ್ರೆ ಎಳೆದು ಹಿಡಿದು ಹೊಲಿಯೋದು, ಕತ್ತು ಒಳಗಡೆ ಮೈಗೆ ತಿರುಗಿ ಕೂರತ್ತೆ. ಮೂತಿ ಸುರುಳಿ ಸುತ್ದೇ ಒಳಗೆ ಬಾಗಿರೋದೂ ಇದರಿಂದ್ಲೇ, ಜೊತೆಗೆ ಅಂಚಿನ ಒಳಮೈಗೆ ಹಾಕೋ ಫೇಸಿಂಗ್ ಬಟ್ಟೆನ ಹೊರಗಿನದಕ್ಕಿಂತ ಒಂದು ದಾರದಷ್ಟು ಬಿಗಿ ಇಡ್ಬೇಕಂತೆ. ಎಷ್ಟು ಎಳೀಬೇಕು ಅಂತ ಕೇಳಿದ್ರೆ ಮಾಸ್ಟ್ರು ಕೈ ತೋರಿಸ್ತಾರೆ, ಇಂಚಲ್ಲಿ ಹೇಳಲ್ಲ. ಜಾಸ್ತಿ ಎಳೆದ್ರೆ ಅಂಚು ನೆರಿಗೆ ಹೊಡಿಯತ್ತೆ. ನಂದ್ರಲ್ಲಿ ಒಂದ್ ನೆರಿಗೆ ಇಲ್ಲ, ಮೂತಿ ಎರಡೂ ಮೈಗೆ ಮುಖ ಮಾಡ್ಕೊಂಡೇ ಇವೆ, ಕೊಟ್ಟ ದುಡ್ಡು ಇದೊಂದಕ್ಕೇ ತೀರ್ತು ಅಂತೀನಿ.

ಪಾಕೆಟ್ ನಾಕು. ಬೋನ್ ಪಾಕೆಟ್, ಹೊರಗಡೆ ಬರೀ ಒಂದು ಪಟ್ಟಿ ಕಾಣತ್ತೆ, ಪಕ್ಕದ ಹೊಲಿಗೆ ಕಡೆ ಸ್ವಲ್ಪ ಮೇಲಕ್ಕೆ ಏರಿರತ್ತೆ. ಚೆಕ್ಸ್ ಬಟ್ಟೆ ಆದ್ರಿಂದ ಪಟ್ಟಿಯ ಚೌಕ ಹಿಂದಿನ ಬಟ್ಟೆ ಚೌಕಕ್ಕೆ ಕೂಡ್ಬೇಕು, ಕೂಡಿಸಿದ್ದಾರೆ, ನಾಕ್ರಲ್ಲಿ ಒಂದು ಕೂದಲೆಳೆ ಆಚೀಚೆ ಇದೆ, ತೋರ್ಸಿದ್ರೂ ಯಾರಿಗೂ ಕಾಣಲ್ಲ. ಮೇಲಿನ ಪಾಕೆಟ್ ಒಂದ್ ಕಾಲದಲ್ಲಿ ಚೈನ್ ವಾಚಿಗೆ, ಈಗ ಅದರಲ್ಲಿ ಮೆಟ್ರೋ ಕಾರ್ಡ್ ಇಡ್ತೀನಿ. ಫೋನ್ ಇಡಕ್ಕೆ ಟ್ರೈ ಮಾಡ್ಬೇಡಿ.

ಆರ್ಮ್‌ಹೋಲ್ ಬಗ್ಗೆ ಎರಡು ಮಾತು. ರೆಡಿಮೇಡ್‌ನವ್ರು ಎಲ್ಲಾ ಸೈಜ್ ಜನಕ್ಕೂ ಆಗ್ಲಿ ಅಂತ ಕಂಕುಳನ್ನ ಆಳಕ್ಕೆ ಕೊರೆದಿರ್ತಾರೆ, ಪಕ್ಕದಿಂದ ನೋಡಿದ್ರೆ ಶರ್ಟೇ ಜಾಸ್ತಿ ಕಾಣತ್ತೆ. ಸರಿಯಾದ ವೇಸ್ಟ್‌ಕೋಟಲ್ಲಿ ಅದು ಮೇಲಕ್ಕಿರತ್ತೆ, ಮುಂದ್ಗಡೆ ತೋಳಾಡಿಸಕ್ಕೆ ಬೇಕಾದಷ್ಟೇ ಕೊರೆದಿರತ್ತೆ. ಮೊದಲ್ನೇ ಟ್ರಯಲ್‌ನಲ್ಲಿ ನಂಗೆ ಕಂಕುಳು ಹಿಡೀತು, ಅಲ್ಲೇ ಚಾಕ್ ಗೀಚಿ ಕಾಲಿಂಚಷ್ಟು ಕತ್ತರಿಸಿದ್ರು. ಇದನ್ನ ಕೊರೀಬೋದೇ ವಿನಾ ವಾಪಸ್ ಅಂಟಿಸಕ್ಕಾಗಲ್ಲ, ಅದಕ್ಕೇ ಮೊದ್ಲು ಬಿಗಿಯಾಗೇ ಬಿಟ್ಟಿರ್ತೀನಿ ಅಂದ್ರು. ಕಚ್ಚಾ ಟ್ರಯಲ್ ಇಲ್ದೇ ನೇರ ಫಿನಿಶ್ ಮಾಡಿ ಕೊಡ್ತೀನಿ ಅನ್ನೋರ ಹತ್ರ ಈ ಅನುಕೂಲ ಇರಲ್ಲ.

ಕತ್ತಿನ ಹಿಂದ್ಗಡೆ ಮುಂಭಾಗದ ಉಲನ್ನೇ ಪಟ್ಟಿ ಥರ ಭುಜದಿಂದ ಮುಂದುವರೆದು ಹೋಗಿ ನಡುವೆ ಸೇರತ್ತೆ, ಲೈನಿಂಗ್ ಬೆನ್ನು ಅದರ ಕೆಳಗಿಂದ ಶುರು. ಕೋಟ್ ಬಿಚ್ಚಿದಾಗ ಶರ್ಟ್ ಕಾಲರ್ ಕೆಳಗೆ ಲೈನಿಂಗ್ ಹೊಳೆಯಲ್ಲ, ಕತ್ತಿಗೂ ಒಳ್ಳೆ ಹಿಡಿತ. ಸಣ್ಣ ಕೆಲಸ, ಆದ್ರೆ ಪೇಸ್ಟಿಂಗ್ ಅಂಗಡಿಗಳಲ್ಲಿ ಇದನ್ನ ಮಾಡೋದೇ ಇಲ್ಲ.

ಬೆನ್ನಿಗೆ ಬರೋಣ, ನನ್ನ ಕಂಪ್ಲೇಂಟ್ ಇರೋದೂ ಅಲ್ಲೇ.

ಬೆನ್ನಿಗ್ಯಾಕೆ ಲೈನಿಂಗ್ ಬಟ್ಟೆ ಅಂದ್ರೆ, ಕೋಟ್ ಒಳಗೆ ಕಾಣಲ್ಲ ಅಂತ ಉಳಿತಾಯ. ಇದು ಇವತ್ತಿಂದಲ್ಲ. ವೇಸ್ಟ್‌ಕೋಟ್ ಶುರುವಾಗಿದ್ದು 1666ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ರಾಜ ಇನ್ನು ಆಸ್ಥಾನದಲ್ಲಿ ಇದೇ ಡ್ರೆಸ್ಸು ಅಂತ ಘೋಷಣೆ ಮಾಡ್ದ, ಲಂಡನ್‌ನ ದೊಡ್ಡ ಭಾಗ ಸುಟ್ಟೋಗಿ ಆಗಷ್ಟೇ ಒಂದ್ ತಿಂಗ್ಳಾಗಿತ್ತು, ಇವನಿಗೆ ಬಟ್ಟೆ ಚಿಂತೆ. ಆಗ ಅದು ಮಂಡಿ ಹತ್ರ ಬರೋಷ್ಟು ಉದ್ದ, ಪರ್ಷಿಯಾ ಕಡೆ ಉಡುಪಿನ ಛಾಯೆ. ಮುಂದಿನ ನೂರು ಚಿಲ್ಲರೆ ವರ್ಷದಲ್ಲಿ ಮೇಲೇರ್ತಾ ಏರ್ತಾ ಸೊಂಟಕ್ಕೆ ಬಂದು ನಿಂತಿತು. ಹದಿನೆಂಟನೇ ಶತಮಾನದವ್ರು ಮುಂದ್ಗಡೆ ರೇಷ್ಮೆ ಕಸೂತಿ ಹಾಕ್ಸಿ, ಹಿಂದ್ಗಡೆ ಕಾಣಲ್ಲ ಅಂತ ಸಾದಾ ಲಿನನ್ನೋ ಕಾಟನ್ನೋ ಹಾಕಿ, ಬಿಗಿ ಮಾಡಕ್ಕೆ ಲೇಸ್ ಕಟ್ಕೋತಿದ್ರು. ಆ ಲೇಸಿನ ಕೆಲಸಾನೇ ಈಗ ಪಟ್ಟಿ ಬಕಲ್ ಮಾಡೋದು.

ಉಳಿತಾಯಕ್ಕೆ ಶುರುವಾಗಿದ್ರೂ ನಮ್ಮ ಹವೆಗೆ ಅದೇ ವರ. ಬೆನ್ನಿಗೆ ಉಲನ್ ಇಲ್ಲ, ಪೇಸ್ಟಿಂಗ್ ಇಲ್ಲ, ತೆಳು ಬಟ್ಟೆ ಎರಡೇ ಪದರ. ಆದ್ರೆ ಆ ಬಟ್ಟೆ ಪಾಲಿಯೆಸ್ಟರ್ ಆದ್ರೆ ಪ್ಲಾಸ್ಟಿಕ್ ಕವರ್ ಸುತ್ಕೊಂಡಂಗೇ. ಕೇಳಿ ಹಾಕ್ಸಿ, ಬೆಂಬರ್ಗ್ ಅಂತ ಬರತ್ತೆ, ಹತ್ತಿ ಬೀಜಕ್ಕೆ ಅಂಟ್ಕೊಂಡಿರೋ ಗಿಡ್ಡ ನಾರಿಂದ ಜಪಾನಿನವ್ರು ಮಾಡೋದು, ರೇಷ್ಮೆ ಥರ ಜಾರತ್ತೆ, ಬೆವರು ಹೀರತ್ತೆ. ಬೆಂಗಳೂರಲ್ಲಿ ಹುಡುಕಿದ್ರೆ ಸಿಗತ್ತೆ, ರೇಟ್ ಪಾಲಿಯೆಸ್ಟರ್‌ಗಿಂತ ಸುಮಾರು ಜಾಸ್ತಿನೇ. ಇದು ಹಾಕಿದ್ರೂ ಏಪ್ರಿಲ್‌ನಲ್ಲಿ ಕಲಬುರಗಿ ರಾಯಚೂರು ಕಡೆ ಮದ್ವೆಗೆ ವೇಸ್ಟ್‌ಕೋಟ್ ಹಾಕ್ಕೊಂಡೋಗ್ತೀನಿ ಅಂದ್ರೆ ನಾನು ಜವಾಬ್ದಾರಿ ಅಲ್ಲ.

ನಾನಂತೂ ಅಮ್ಮನ ಹಳೇ ಮೈಸೂರ್ ಸಿಲ್ಕ್ ಸೀರೆ ತಗೊಂಡೋಗಿ ಬೆನ್ನಿಗೆ ಇದನ್ನ ಹಾಕಿ ಅಂದೆ, ಚೆನ್ನಾಗಿರತ್ತೆ ಅಂತ ಆಸೆ. ಮಾಸ್ಟ್ರು ಬಟ್ಟೆನ ಎರಡೂ ಕೈಯಲ್ಲಿ ಎಳೆದು ತೋರಿಸಿದ್ರು. ಅದು ಕ್ರೇಪ್, ದಾರಕ್ಕೆ ಜೋರಾಗಿ ತಿರುವು ಕೊಟ್ಟು ನೇಯ್ದಿರೋದು, ಅದಕ್ಕೇ ಆ ಜೋತು ಬೀಳೋ ಗುಣ, ಆದ್ರೆ ಬೆನ್ನಿಗೆ ಬೀಳೋ ಎಳೆತಕ್ಕೆ ಹಿಗ್ಗತ್ತೆ, ಹಳೇದು ಬೇರೆ, ಹೊಲಿಗೆ ಪಕ್ಕದಲ್ಲೇ ಸೀಳತ್ತೆ. ಹಾಕ್ಲೇಬೇಕು ಅಂದ್ರೆ ಮುಂಭಾಗದ ಒಳಗಡೆ ಹಾಕ್ಕೊಡ್ತೀನಿ, ಅಲ್ಲಿ ಎಳೆತ ಇಲ್ಲ ಅಂದ್ರು. ಹಂಗೇ ಆಯ್ತು, ಗುಂಡಿ ಬಿಚ್ಚಿದಾಗ ಒಳಗೆ ಸೀರೆ ಹಸಿರು ಕಾಣತ್ತೆ, ಅಮ್ಮಂಗೆ ಅರ್ಧ ಖುಷಿ ಅರ್ಧ ಸಿಟ್ಟು.

ಇಷ್ಟೆಲ್ಲ ಲೈನಿಂಗ್ ಬಗ್ಗೆ ಪಾಠ ಹೇಳಿದ ಮನುಷ್ಯ ಬೆನ್ನಿನ ಹೊರಪದರಕ್ಕೆ ಹಾಕಿದ್ದು ತೀರಾ ತೆಳು. ಸ್ವಲ್ಪ ದಿನಕ್ಕೇ ಪಟ್ಟಿ ಹೊಲಿದಿರೋ ಜಾಗದಲ್ಲಿ ಎಳೆಗಳು ಜರುಗಿ ಬಾಚಣಿಗೆ ಹಲ್ಲಿನ ಥರ ಬಿಟ್ಕೊಂಡವು. ವಾಪಸ್ ತಗೊಂಡೋದೆ, ಜಗಳ ಏನಿಲ್ಲ, ನೋಡಿದ ತಕ್ಷಣ ಒಪ್ಕೊಂಡ್ರು, ಒಳಗಡೆ ಸಣ್ಣ ಕಾಟನ್ ತುಂಡು ಸಪೋರ್ಟ್ ಇಟ್ಟು ಪಟ್ಟಿನ ಪಕ್ಕದ ಹೊಲಿಗೆವರ್ಗೂ ಎಳೆದು ಮತ್ತೆ ಹೊಲಿದ್ರು, ದುಡ್ಡು ತಗೊಳ್ಳಿಲ್ಲ. ಆದ್ರೆ ಇದನ್ನ ಮೊದ್ಲೇ ಮಾಡ್ಬೇಕಿತ್ತು. ಬಕಲ್ ಕೂಡ ಮೊದ್ಲು ಹಾಕಿದ್ದು ಮುಳ್ಳಿರೋ ಥರದ್ದು, ಪಟ್ಟಿಗೆ ಚುಚ್ಚಿ ಹಿಡ್ಕೊಳ್ಳತ್ತೆ ಜಾರಲ್ಲ ಸರಿ, ಆದ್ರೆ ಆಫೀಸ್ ಕುರ್ಚಿ ರೆಕ್ಸಿನ್‌ಗೆ ಗೀರು ಬಿತ್ತು. ಜಾರೋ ಸಾದಾ ಬಕಲ್‌ಗೆ ಬದ್ಲಾಯಿಸಿಕೊಂಡೆ, ಅದು ಸಂಜೆ ಹೊತ್ತಿಗೆ ಒಂಚೂರು ಸಡಿಲ ಆಗತ್ತೆ. ಎರಡರಲ್ಲಿ ಯಾವ ಕಷ್ಟ ಬೇಕೋ ನೀವೇ ನೋಡ್ಕೊಳ್ಳಿ. ಅಂದಹಾಗೆ ಆ ಪಟ್ಟಿನ ಜಗ್ಗಿ ಹೊಟ್ಟೆ ಒಳಗೆ ತಳ್ಳಕ್ಕೆ ಉಪಯೋಗಿಸೋರು ಇದ್ದಾರೆ, ಬೇಡ, ಬೆನ್ನ ಮೇಲೆ ನೆರಿಗೆ ಗಂಟು ಕಟ್ಟತ್ತೆ. ಅದು ಬೆನ್ನಿನ ಕುಳಿಗೆ ಬಟ್ಟೆ ಕೂರಿಸಕ್ಕೆ ಅಷ್ಟೇ.

ಎಲ್ಲಾ ಸೇರಿಸೋ ವಿಧಾನ ನೋಡೋಕೆ ಮಜಾ. ಬೆನ್ನಿನ ಎರಡು ಪದರದ ಮಧ್ಯೆ ಮುಂಭಾಗ ಎರಡನ್ನೂ ಮಡಚಿ ತುಂಬಿಸಿ, ಭುಜ ಪಕ್ಕ ಎಲ್ಲಾ ಉಲ್ಟಾ ಕಡೆಯಿಂದ ಹೊಲಿದು, ಒಂದು ಗೇಣು ಜಾಗ ಬಿಟ್ಟಿರ್ತಾರೆ, ಆ ಸಂದಿಯಿಂದ ಇಡೀ ವೇಸ್ಟ್‌ಕೋಟ್‌ನ ಹೊರಗೆ ಎಳೀತಾರೆ, ಒಂದೇ ಸಲಕ್ಕೆ ಒಳಗೆಲ್ಲಾ ಹೊಲಿಗೆ ಅಂಚು ಮುಚ್ಚಿ ಹೋಗಿರತ್ತೆ. ಆಮೇಲೆ ಆ ಸಂದಿನ ಕೈಯಲ್ಲಿ ಮುಚ್ಚೋದು. ಓವರ್‌ಲಾಕ್ ಹೊಲಿಗೆ ಒಂದೂ ಕಾಣಲ್ಲ. ಪಕ್ಕದ ಹೊಲಿಗೇಲಿ, ಬೆನ್ನಿನ ನಡು ಹೊಲಿಗೇಲಿ ಮಾರ್ಜಿನ್ ಬಿಟ್ಟಿದ್ದಾರೆ, ಇನ್ನು ನಾಕ್ ವರ್ಷ ಬಿರಿಯಾನಿ ತಿಂದ್ರೂ ಬಿಡಿಸ್ಬೋದು ಅಂತ ಅವ್ರೇ ನಕ್ಕಿದ್ದು.

ಕಾಜ ಕೈಯಲ್ಲಿ. ಕಾಜ ಹಾಕೋರು ಬೇರೆ, ವಯಸ್ಸಾದವ್ರು, ಪೀಸ್ ಲೆಕ್ಕಕ್ಕೆ ಮನೇಲಿ ಕೂತು ಮಾಡ್ತಾರೆ. ಸಾದಾ ಮಷೀನ್ ಕಾಜದಲ್ಲಿ ಮೊದ್ಲು ಹೊಲಿಗೆ ಹಾಕಿ ಆಮೇಲೆ ಮಧ್ಯ ಕತ್ತರಿಸ್ತಾರೆ, ಅದಕ್ಕೇ ನಾಕ್ ದಿನಕ್ಕೆ ಎಳೆ ಬಿಟ್ಕೊಂಡು ಮೀಸೆ ಬರತ್ತೆ. ಕೈ ಕಾಜದಲ್ಲಿ ಮೊದ್ಲೇ ಕತ್ತರಿಸಿ, ಅಂಚಿಗೆ ಒಂದು ಗಟ್ಟಿ ದಾರ ಇಟ್ಟು, ಅದರ ಮೇಲೆ ರೇಷ್ಮೆ ದಾರದಲ್ಲಿ ಒಂದೊಂದು ಸುತ್ತಿಗೂ ಗಂಟು ಬೀಳೋ ಹಂಗೆ ಹೊಲೀತಾ ಹೋಗೋದು. ಮುಟ್ಟಿದ್ರೆ ಉಬ್ಬು ಕೈಗೆ ಸಿಗತ್ತೆ. ಮೇಲಿಂದ ಐದು ಬಹಳ ಚೆನ್ನಾಗಿವೆ, ಆರನೇದು ಅವಸರದ್ದು ಅಂತ ಗೊತ್ತಾಗತ್ತೆ. ಪರ್ವಾಗಿಲ್ಲ, ಆರನೇ ಗುಂಡಿ ಹಾಕೋದೇ ಇಲ್ಲ. ಕೊನೇ ಗುಂಡಿ ಯಾಕೆ ಹಾಕ್ಬಾರ್ದು ಅನ್ನೋದಕ್ಕೆ ಇಂಗ್ಲೆಂಡಿನ ಏಳನೇ ಎಡ್ವರ್ಡ್ ರಾಜ ಡೊಳ್ಳು ಹೊಟ್ಟೆ ಅಂತ ಅದನ್ನ ಹಾಕ್ದೇ ಬಿಟ್ಟ ಅನ್ನೋ ಕಥೆ ಎಲ್ಲಾ ಕಡೆ ಓಡಾಡತ್ತೆ, ಅದು ಬಿಡಿ, ಬಟ್ಟೆ ನೋಡಿದ್ರೇ ಕಾರಣ ಕಾಣತ್ತೆ, ಐದನೇ ಗುಂಡಿ ಕೆಳಗೆ ಅಂಚು ಹೊರಕ್ಕೆ ತಿರುಗಿ ಮೂತಿ ಶುರುವಾಗತ್ತೆ, ಅಲ್ಲಿ ಗುಂಡಿ ಹಾಕಿದ್ರೆ ಹೊಟ್ಟೆ ಮೇಲೆ ಅಡ್ಡಡ್ಡ ಸುಕ್ಕು.

ದುಡ್ಡಿನ ವಿಷ್ಯ. ಹೊಲಿಗೆ ಕೂಲಿ ವೇಸ್ಟ್‌ಕೋಟ್‌ಗೆ ₹5,500 ತಗೊಂಡ್ರು, ಕ್ಯಾನ್ವಾಸ್ ಮತ್ತೆ ಕೈ ಕಾಜ ಸೇರಿ. ಬಟ್ಟೆ, ಬೆಂಬರ್ಗ್, ಕೊಂಬಿನ ಗುಂಡಿ ಬೇರೆ. ಪೇಸ್ಟಿಂಗ್ ಮಾಡಿ ಕೊಡಿ ಅಂದ್ರೆ ಅರ್ಧಕ್ಕಿಂತ ಕಮ್ಮಿಗೆ ಮಾಡ್ತಾರೆ, ಅಲ್ಲೇ, ಅದೇ ಮಾಸ್ಟ್ರು. ಹಂಗಾಗಿ ಬಾಯ್ಬಿಟ್ಟು ಕ್ಯಾನ್ವಾಸ್ ಅಂತ ಹೇಳ್ಬೇಕು, ಹೇಳ್ದಿದ್ರೆ ಪೇಸ್ಟಿಂಗೇ ಬರೋದು, ಅವ್ರ ತಪ್ಪೇನಿಲ್ಲ, ಜನ ಕೇಳೋದು ಅದನ್ನೇ. ಟ್ರಯಲ್ ದಿನ ಕಚ್ಚಾ ಬಿಚ್ಚೋ ಮುಂಚೆ ಒಳಗೆ ಕೈ ಹಾಕಿ ನೋಡಿ ಬನ್ನಿ, ಆಮೇಲೆ ಮುಚ್ಚಿದ್ಮೇಲೆ ವಾದ ಮಾಡಿ ಪ್ರಯೋಜನ ಇಲ್ಲ.

ಟೈಮಿಂಗ್‌ಗೆ ಮಾತ್ರ ಮಾರ್ಕ್ಸ್ ಕಟ್. ಹೇಳಿದ ದಿನಕ್ಕೆ ಒಂದೂ ಆಗ್ಲಿಲ್ಲ, ಫೋನ್ ಮಾಡಿದ್ರೆ "ಕಾಜಕ್ಕೆ ಹೋಗಿದೆ ಸಾರ್", ಮತ್ತೆ ಮಾಡಿದ್ರೆ "ಕಾಜದಿಂದ ಬರ್ತಾ ಇದೆ ಸಾರ್". ಮದ್ವೆ ಸೀಸನ್‌ನಲ್ಲಿ ಆರ್ಡರ್ ಕೊಡೋರು ಮುಹೂರ್ತದ ಡೇಟ್ ನಿಜ ಹೇಳ್ಬೇಡಿ, ಹದಿನೈದು ದಿನ ಹಿಂದಕ್ಕೆ ಹೇಳಿ. ಲಿಫ್ಟ್ ಇಲ್ಲ, ಮೆಟ್ಲು ಕಡಿದು, ಗಾಡಿ ನಿಲ್ಸಕ್ಕೆ ಜಾಗ ಇಲ್ಲ, ಶಿವಾಜಿನಗರ ಅಲ್ವಾ. ಅಡ್ವಾನ್ಸ್ ಕ್ಯಾಶ್ ಕೊಟ್ರೆ ಚೀಟಿ ಕೇಳಿ ಇಸ್ಕೊಳ್ಳಿ, ಇಲ್ಲಾಂದ್ರೆ ಅವ್ರಿಗೆ ನೆನಪೇ ಇರಲ್ಲ.

ಇಟ್ಕೊಳೋದು ಸುಲಭ. ಮೇಲ್ಮೇಲೆ ಡ್ರೈಕ್ಲೀನ್‌ಗೆ ಹಾಕ್ಬೇಡಿ, ಉಲನ್ ಬ್ರಶ್ ಹೊಡೆದು ಒಂದ್ ರಾತ್ರಿ ಗಾಳಿಗೆ ನೇತಾಕಿದ್ರೆ ಸಾಕು. ರಸ್ತೆ ಇಸ್ತ್ರಿ ಅಂಗಡಿಗೆ ಕೊಡೋ ಹಂಗಿದ್ರೆ ಮೇಲೆ ಒದ್ದೆ ಕಾಟನ್ ಬಟ್ಟೆ ಹಾಸಿ ಒತ್ತಿ ಅಂತ ನಿಂತು ಹೇಳಿ, ನೇರ ಕಾದ ಇಸ್ತ್ರಿ ಬಿದ್ರೆ ಉಲನ್ ಮೇಲೆ ಎಣ್ಣೆ ಹಚ್ಚಿದಂಗೆ ಹೊಳಪು ಕೂರತ್ತೆ, ಮೂತಿಗಳ ಬಾಗೂ ಚಪ್ಪಟೆ ಆಗಿಬಿಡತ್ತೆ. ಹಂಗೇನಾದ್ರೂ ಚಪ್ಪಟೆ ಆದ್ರೆ ಕ್ಯಾನ್ವಾಸ್ ಇರೋದಕ್ಕೆ ಮಾಸ್ಟ್ರು ಸ್ಟೀಮ್ ಕೊಟ್ಟು ವಾಪಸ್ ತರ್ತಾರೆ, ನೂರೋ ನೂರೈವತ್ತೋ ತಗೋತಾರೆ, ಆದ್ರೆ ಅದಕ್ಕೂ ಒಂದ್ ವಾರ ಕಾಯಿಸ್ತಾರೆ.